ದುಡ್ಡು ಹಾಕಿದ್ದು ಯಾರು, ಹಡಗು ಹತ್ತಿದ್ದು ಯಾರು: ವರ್ಜೀನಿಯಾದಲ್ಲಿ ಮಕ್ಕಳಿಗೆ ನಾನು ಈ ಪಾಠ ಹೇಳ್ಕೊಟ್ಟ ರೀತಿ

ಅಮೆರಿಕಾದ ವರ್ಜೀನಿಯಾದಲ್ಲಿ ಬೆಳೆಯೋ ಮಕ್ಕಳಿಗೆ ಪ್ರೈಮರಿ ಸ್ಕೂಲಲ್ಲೇ ಜೇಮ್ಸ್‌ಟೌನ್ ಪಾಠ ಬರುತ್ತೆ, ಅಂದ್ರೆ 1607ರಲ್ಲಿ ಇಂಗ್ಲಿಷರು ಅಮೆರಿಕಾದಲ್ಲಿ ಕಟ್ಟಿದ ಮೊದಲ ಕಾಯಂ ಊರಿನ ಪಾಠ, ಇಂಗ್ಲೆಂಡಿನವರು ಅಷ್ಟು ದೂರ ಸಮುದ್ರ ದಾಟಿ ಯಾಕೆ ಬಂದ್ರು ಅಂದ್ರೆ ಚಿನ್ನ, ಧರ್ಮ, ಹೆಸರು ಅಂತ ಮೂರು ಪದ ಬಾಯಿಪಾಠ ಒಪ್ಪಿಸ್ತಾರೆ. ನಾನು ಇಲ್ಲಿ ವೀಕೆಂಡ್ ಕನ್ನಡ ಕ್ಲಾಸ್ ತಗೊಳ್ತೀನಿ, ಊರಲ್ಲಿದ್ದಾಗ ಹಿಸ್ಟರಿ ಎಂಎ ಮಾಡಿ ಹೈಸ್ಕೂಲಲ್ಲಿ ಪಾಠ ಮಾಡ್ತಿದ್ದೆ, ಹಂಗಾಗಿ ಕೆಲವು ಪೇರೆಂಟ್ಸ್ "ಇದನ್ನೂ ಒಂಚೂರು ಕನ್ನಡದಲ್ಲೇ ಹೇಳ್ಕೊಡಿ, ಮನೇಲಿ ಅಜ್ಜಿ ತಾತನ ಜೊತೆ ಮಾತಾಡೋಕಾದ್ರೂ ಆಗುತ್ತೆ" ಅಂದ್ರು. ಸಂತೋಷದಿಂದ ಒಪ್ಕೊಂಡೆ. ಆದ್ರೆ ಆ ಮೂರು ಪದದ ಉತ್ತರ ಮಾತ್ರ ಬೇಡ ಅಂತ ಮೊದಲೇ ನಿರ್ಧಾರ ಮಾಡ್ಕೊಂಡಿದ್ದೆ, ಯಾಕಂದ್ರೆ ಅದ್ರಲ್ಲಿ ಮನುಷ್ಯರೇ ಕಾಣಲ್ಲ. ದುಡ್ಡು ಹಾಕಿದವನ ಕಾರಣ ಬೇರೆ, ಹಡಗು ಹತ್ತಿದವನ ಕಾರಣ ಬೇರೆ, ರಾಜನ ಕಾರಣ ಇನ್ನೂ ಬೇರೆ, ಎಲ್ಲಾನೂ ಒಂದೇ ಮೂಟೆಗೆ ಕಟ್ಟಿದ್ರೆ ಮಕ್ಕಳಿಗೆ ಏನೂ ಅರ್ಥ ಆಗಲ್ಲ.

ಅದಕ್ಕೆ ಖರ್ಚಿಂದಾನೇ ಶುರು ಮಾಡ್ದೆ. ಹಡಗು, ಆರು ತಿಂಗಳ ಊಟ, ಮದ್ದುಗುಂಡು, ಸಲಕರಣೆ, ಇಷ್ಟಕ್ಕೆಲ್ಲ ದುಡ್ಡು ಯಾರು ಕೊಟ್ರು? ಮಕ್ಕಳೆಲ್ಲ ಒಂದೇ ಸಲ "ರಾಜ" ಅಂದ್ರು. ಇಲ್ಲ. ಒಂದನೇ ಜೇಮ್ಸ್ ರಾಜ 1606ರ ಏಪ್ರಿಲ್‌ನಲ್ಲಿ ಕೊಟ್ಟಿದ್ದು ಒಂದು ಚಾರ್ಟರ್, ಅಂದ್ರೆ ಅನುಮತಿ ಪತ್ರ ಅಷ್ಟೇ, ಖರ್ಚು ನಿಮ್ಮದು, ಆದ್ರೆ ಚಿನ್ನ ಬೆಳ್ಳಿ ಸಿಕ್ಕಿದ್ರೆ ಐದನೇ ಒಂದು ಭಾಗ ನನಗೆ, ತಾಮ್ರ ಸಿಕ್ಕಿದ್ರೆ ಹದಿನೈದನೇ ಒಂದು ಭಾಗ ನನಗೆ ಅಂತ ಅದ್ರಲ್ಲಿ ಬರೆಸ್ಕೊಂಡಿದ್ದ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ರಾಣಿ ಎಲಿಜಬೆತ್ ಆಸ್ಥಾನದ ವಾಲ್ಟರ್ ರಾಲೀ ಮುಂದೆ ನಿಂತು ಈಗಿನ ನಾರ್ತ್ ಕ್ಯಾರೊಲಿನಾದ ರೋನೋಕ್ ದ್ವೀಪಕ್ಕೆ ಜನ ಕಳಿಸಿದ್ದ, 1587ರಲ್ಲಿ ಹೋದವರಿಗೆ ಸಾಮಾನು ತರೋಕೆ ಅಂತ ವಾಪಸ್ ಬಂದ ಅವರ ಮುಖಂಡ ಜಾನ್ ವೈಟ್ ಸ್ಪೇನ್ ಜೊತೆಗಿನ ಯುದ್ಧದಲ್ಲಿ ಸಿಕ್ಕಾಕೊಂಡು 1590ಕ್ಕೆ ಮತ್ತೆ ಅಲ್ಲಿಗೆ ಹೋಗೋ ಹೊತ್ತಿಗೆ ಒಬ್ಬರೂ ಇರಲಿಲ್ಲ. ಇಂಥ ಕೆಲಸಕ್ಕೆ ಒಬ್ಬ ದೊಡ್ಡ ಮನುಷ್ಯನ ದುಡ್ಡು ಸಾಲಲ್ಲ, ತುಂಬ ಜನ ಸೇರಿ ಸ್ವಲ್ಪ ಸ್ವಲ್ಪ ಹಾಕ್ಬೇಕು, ಮುಳುಗಿದ್ರೂ ಯಾರೂ ಪೂರ್ತಿ ಮುಳುಗಬಾರದು ಅನ್ನೋದು ಲಂಡನ್ ವ್ಯಾಪಾರಿಗಳ ಲೆಕ್ಕ. ಹಂಗೆ ರಾಜನ ಚಾರ್ಟರ್ ಪಡೆದು ಅವರು ಕಟ್ಟಿದ್ದೇ ವರ್ಜೀನಿಯಾ ಕಂಪನಿ. 1609ರಲ್ಲಿ ಅದರ ಒಂದು ಷೇರಿಗೆ 12 ಪೌಂಡ್ 10 ಶಿಲಿಂಗ್, ದುಡ್ಡಿಲ್ಲದವನು ತಾನೇ ಹಡಗು ಹತ್ತಿ ಹೋದ್ರೆ ಅದೇ ಅವನ ಷೇರು. ನನಗೆ ಈ ಇಡೀ ಪಾಠದ ಬೀಗದ ಕೈ ಅಂತ ಅನ್ಸೋದು ಇದೇ ವಿಷಯ. ದುಡ್ಡಿದ್ದವನು ದುಡ್ಡು ಹಾಕ್ದ, ಇಲ್ಲದವನು ಪ್ರಾಣ ಹಾಕ್ದ.

ಆ ಕಂಪನಿ ನಡೆಸ್ತಿದ್ದವನ ಹೆಸರು ಸರ್ ಥಾಮಸ್ ಸ್ಮೈತ್. ಇವನ ಬಗ್ಗೆ ಹೇಳುವಾಗ ಕ್ಲಾಸಿಗೆ ಬಂದಿದ್ದ ಅಜ್ಜಿ ತಾತಂದಿರೂ ಕಿವಿ ನಿಮಿರಿಸಿದ್ರು, ಯಾಕಂದ್ರೆ 1600ರ ಡಿಸೆಂಬರ್ 31ರಂದು ಶುರುವಾದ ಈಸ್ಟ್ ಇಂಡಿಯಾ ಕಂಪನಿಯ ಮೊದಲನೇ ಗವರ್ನರೂ ಇವನೇ. ಮೊದಲ ಹಡಗುಗಳನ್ನ ಜೇಮ್ಸ್‌ಟೌನಿಗೆ ತಂದ ಕ್ಯಾಪ್ಟನ್ ಕ್ರಿಸ್ಟೋಫರ್ ನ್ಯೂಪೋರ್ಟ್ ಕೂಡ ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಕೆಲಸಕ್ಕೆ ಸೇರ್ಕೊಂಡು 1617ರಲ್ಲಿ ಜಾವಾದಲ್ಲಿ ತೀರ್ಕೊಂಡ. ನಾವು ಊರಲ್ಲಿ ಓದುವಾಗ ಇದು ಅಮೆರಿಕಾ ಇತಿಹಾಸ, ಅದು ಭಾರತದ ಇತಿಹಾಸ ಅಂತ ಬೇರೆ ಬೇರೆ ಚಾಪ್ಟರ್ ಓದಿದ್ವಿ, ಆದ್ರೆ ಲಂಡನ್ನಲ್ಲಿ ಕೂತಿದ್ದವರಿಗೆ ಎರಡೂ ಒಂದೇ ಟೇಬಲ್ ಮೇಲಿನ ಲೆಕ್ಕದ ಪುಸ್ತಕ. ಕಂಪನಿಯವರು ಹೋಗೋರ ಕೈಗೆ ಕೊಟ್ಟ ಸೂಚನೇಲೂ ಇದು ಸ್ಪಷ್ಟವಾಗಿದೆ, ವಾಯವ್ಯದ ಕಡೆ ತಿರುಗೋ ನದಿ ಆರಿಸ್ಕೊಳ್ಳಿ, ಆಚೆ ಕಡೆ ಸಮುದ್ರ ಬೇಗ ಸಿಗಬಹುದು ಅಂತ. ಆ ಆಚೆ ಸಮುದ್ರ ಸಿಕ್ಕಿದ್ರೆ ಏಷ್ಯಾಕ್ಕೆ ದಾರಿ. ಇದನ್ನ ಹೇಳಿದ ಮೇಲೆ ಮಕ್ಕಳು ಮ್ಯಾಪ್ ಮೇಲೆ ಜೇಮ್ಸ್ ನದಿಯಿಂದ ಪಶ್ಚಿಮಕ್ಕೆ ಬೆರಳಿಟ್ಟು ಎಳೀತಾ ಎಳೀತಾ ಹೋಗಿ ಕ್ಯಾಲಿಫೋರ್ನಿಯಾ ತಲುಪೋ ಹೊತ್ತಿಗೆ ಅವರಿಗೇ ಗೊತ್ತಾಯ್ತು, ಹೋಗೋರಿಗೆ ಮುಂದೆ ಏನಿದೆ ಅನ್ನೋ ಅಂದಾಜೇ ಇರಲಿಲ್ಲ ಅಂತ.

ಹೋದೋರು ಯಾರು ಅನ್ನೋದಕ್ಕೆ ಕಾರ್ಡ್ ಮಾಡಿದ್ದೆ. ಮೊದಲು ಹೋದವರ ಮುಖಂಡರಲ್ಲಿ ಒಬ್ಬನಾದ ಜಾನ್ ಸ್ಮಿತ್ ಬರೆದಿಟ್ಟ ಮೊದಲ ಪಟ್ಟಿ ನೋಡ್ಕೊಂಡು ಒಂದೊಂದು ಕಾರ್ಡಲ್ಲಿ ಒಂದೊಂದು ಕಸುಬು, ಬಡಗಿ, ಗಾರೆ ಕೆಲಸದವನು, ಕಮ್ಮಾರ, ದರ್ಜಿ, ಕ್ಷೌರಿಕ, ತಮಟೆ ಹೊಡೆಯೋನು, ಕೂಲಿಯವನು, ನಾಲ್ಕು ಹುಡುಗರು, ಮಿಕ್ಕಿದ್ದೆಲ್ಲ ಜಂಟಲ್‌ಮನ್. ಹಂಚ್ತಾ ಹೋದಂಗೆ ಅರ್ಧ ಕ್ಲಾಸಿಗೆ ಜಂಟಲ್‌ಮನ್ ಕಾರ್ಡೇ ಬಂತು. ಒಬ್ಬ ಹುಡುಗ ಎಲ್ಲರ ಕಾರ್ಡೂ ನೋಡಿ "ಆಂಟಿ, ಇದ್ರಲ್ಲಿ ರೈತ ಯಾರು?" ಅಂದ. ನಾನು ಕಾಯ್ತಿದ್ದಿದ್ದೇ ಆ ಪ್ರಶ್ನೆಗೆ. ಆ ಪಟ್ಟೀಲಿ ರೈತ ಅಂತ ಯಾರ ಹೆಸರಿನ ಮುಂದೂ ಇಲ್ಲ, ಊಟಕ್ಕೆ ಅಲ್ಲಿನ ಮೂಲನಿವಾಸಿಗಳ ಹತ್ರ ಮುಸುಕಿನ ಜೋಳ ತಗೊಂಡ್ರಾಯ್ತು, ನಾವು ಚಿನ್ನ ಹುಡುಕೋಣ ಅನ್ನೋ ಧೈರ್ಯ. 1608ರಲ್ಲಿ ಬಂದ ಎರಡನೇ ಬ್ಯಾಚಲ್ಲಿ ಅಕ್ಕಸಾಲಿಗರು, ಲೋಹ ಶುದ್ಧಿ ಮಾಡೋರು, ಸುಗಂಧ ಮಾಡೋನೂ ಇದ್ದ! ಅದೇ ವರ್ಷ ಹೊಳೆಯೋ ಮಣ್ಣನ್ನ ಚಿನ್ನ ಅಂತ ನಂಬಿ ಹಡಗಲ್ಲಿ ತುಂಬಿ ಲಂಡನ್ನಿಗೆ ಕಳಿಸಿದ್ರು, ಅಲ್ಲಿ ಏನೂ ಬೆಲೆ ಸಿಗಲಿಲ್ಲ.

ಜಂಟಲ್‌ಮನ್ ಅಂದ್ರೆ ಶ್ರೀಮಂತ ಅಂತ ಮಕ್ಕಳು ತಿಳ್ಕೊಂಡಿದ್ರು, ಇಲ್ಲಿ ಸ್ವಲ್ಪ ನಿಲ್ಲಬೇಕಾಯ್ತು. ಇಂಗ್ಲೆಂಡಲ್ಲಿ ಆಸ್ತಿ ಸಾಮಾನ್ಯವಾಗಿ ದೊಡ್ಡ ಮಗನಿಗೆ, ಎರಡನೆಯವನಿಗೆ ಮೂರನೆಯವನಿಗೆ ಮನೆತನದ ಹೆಸರು ಇರುತ್ತೆ, ಜಮೀನು ಇರಲ್ಲ, ಕೈಕೆಸರು ಮಾಡ್ಕೊಂಡು ದುಡಿದ್ರೆ ಮರ್ಯಾದೆ ಹೋಗುತ್ತೆ ಅನ್ನೋ ಕಾಲ. ಕೆಳಗಿನವರ ಕಷ್ಟ ಇನ್ನೊಂದು ಥರ, 1500ರ ಈಚೆಗೆ ಜನಸಂಖ್ಯೆ ಏರ್ತಾ ಇತ್ತು, ದವಸದ ಬೆಲೆ ಏರ್ತಾ ಇತ್ತು, ಕೂಲಿ ಮಾತ್ರ ಅಷ್ಟು ಏರಲಿಲ್ಲ, ಊರಿನ ಗೋಮಾಳದಂಥ ಜಾಗಕ್ಕೆಲ್ಲ ಬೇಲಿ ಹಾಕಿ ಉಣ್ಣೆಗೋಸ್ಕರ ಕುರಿ ಬಿಟ್ರು, ದನ ಮೇಯಿಸ್ಕೊಂಡು ಬದುಕ್ತಿದ್ದವರು ಪಟ್ಟಣದ ದಾರಿ ಹಿಡಿದ್ರು. 1584ರಲ್ಲೇ ರಿಚರ್ಡ್ ಹ್ಯಾಕ್ಲೂಟ್ ಅನ್ನೋ ಪಾದ್ರಿ ರಾಣಿ ಎಲಿಜಬೆತ್‌ಗೆ ಒಂದು ವರದಿ ಕೊಟ್ಟಿದ್ದ, ಕೆಲಸ ಇಲ್ಲದವರಿಗೆ ಕೆಲಸ ಸಿಗುತ್ತೆ, ನಮ್ಮ ಉಣ್ಣೆ ಬಟ್ಟೆಗೆ ಹೊಸ ಮಾರ್ಕೆಟ್ ಸಿಗುತ್ತೆ, ಸ್ಪೇನಿನವರ ಸೊಕ್ಕು ಇಳಿಯುತ್ತೆ, ಪ್ರಾಟೆಸ್ಟೆಂಟ್ ಧರ್ಮ ಹರಡುತ್ತೆ ಅಂತೆಲ್ಲ. ಸ್ಕೂಲಲ್ಲಿ ಕಲಿಸೋ ಮೂರು ಪದಕ್ಕಿಂತ ಅವನ ಪಟ್ಟಿ ಎಷ್ಟೋ ಪ್ರಾಮಾಣಿಕವಾಗಿದೆ. ಬಡವರನ್ನ ಊರಿಂದ ಆಚೆ ಸಾಗಿಸೋದೂ ಒಂದು ಉದ್ದೇಶ ಅನ್ನೋದನ್ನ ಯಾರೂ ಮುಚ್ಚಿಡಲಿಲ್ಲ, 1619ರ ಸುಮಾರಿಗೆ ಲಂಡನ್ ಬೀದಿಯ ಮಕ್ಕಳನ್ನೇ ನೂರರ ಲೆಕ್ಕದಲ್ಲಿ ವರ್ಜೀನಿಯಾಕ್ಕೆ ಕಳಿಸಿದ್ರು. ಅದನ್ನ ಹೇಳಿದಾಗ ಕ್ಲಾಸ್ ಪೂರ್ತಿ ಸುಮ್ಮನಾಯ್ತು, ಅವರದ್ದೇ ವಯಸ್ಸಿನ ಮಕ್ಕಳು ತಾನೇ.

ಒಂದು ಶನಿವಾರ ಎಲ್ಲರನ್ನೂ ಜೇಮ್ಸ್‌ಟೌನ್ ದ್ವೀಪಕ್ಕೇ ಕರ್ಕೊಂಡು ಹೋದ್ವಿ. ಎರಡು ಜಾಗ ಇದೆ, ಒಂದು ಹಡಗು ಕೋಟೆ ಎಲ್ಲ ಹೊಸದಾಗಿ ಕಟ್ಟಿ ತೋರಿಸೋ ಮ್ಯೂಸಿಯಂ, ಇನ್ನೊಂದು ನಿಜವಾದ ಕೋಟೆ ಇದ್ದ ಜಾಗ, 1994ರಿಂದ ಉತ್ಖನನ ಮಾಡಿ ಕಂಡುಹಿಡಿದಿದ್ದು. ಮಕ್ಕಳಿಗೆ ಮೊದಲನೆಯದು ಇಷ್ಟ, ನನಗೆ ಎರಡನೆಯದು. ನದಿ ದಂಡೆ ಮೇಲೆ ನಿಲ್ಲಿಸಿ, ಇಲ್ಲಿ ಯಾಕೆ ಇಳಿದ್ರು ಹೇಳಿ ನೋಡೋಣ ಅಂದೆ. ನೀರು ದಂಡೆ ಪಕ್ಕದಲ್ಲೇ ಆಳ ಇತ್ತು, ಹಡಗನ್ನ ಮರಕ್ಕೇ ಕಟ್ಟಬಹುದಿತ್ತು, ಸಮುದ್ರದಿಂದ ಒಳಗಿದ್ದಿದ್ದಕ್ಕೆ ಸ್ಪೇನಿನವರು ತಟ್ಟಂತ ಬರೋಕಾಗಲ್ಲ. ಎಲ್ಲ ಯುದ್ಧದ ಲೆಕ್ಕ, ವ್ಯಾಪಾರದ ಲೆಕ್ಕ. ಕುಡಿಯೋ ನೀರಿನ ಲೆಕ್ಕ ಇರಲಿಲ್ಲ. ಬೇಸಿಗೇಲಿ ಆ ನದಿ ನೀರು ಉಪ್ಪಾಗುತ್ತೆ, ಸುತ್ತ ಜೌಗು, ಸಾಲದ್ದಕ್ಕೆ 1606ರಿಂದ 1612ರವರೆಗೆ ಭಾರಿ ಬರಗಾಲ ಇತ್ತು ಅಂತ ಹಳೇ ಮರಗಳ ಒಳಗಿನ ಬಳೆಗಳನ್ನ ಎಣಿಸಿ ವಿಜ್ಞಾನಿಗಳು ಹೇಳಿದ್ದಾರೆ. 1607ರ ಮೇನಲ್ಲಿ ಇಳಿದ 104 ಜನರಲ್ಲಿ ಮುಂದಿನ ಜನವರಿಗೆ ಉಳಿದಿದ್ದು 38. 1609ರ ಚಳಿಗಾಲದ ಹಸಿವಂತೂ ಹೇಳೋಕೇ ಆಗಲ್ಲ, ಸತ್ತವರನ್ನ ತಿಂದ ಗುರುತು ಒಂದು ಹದಿನಾಲ್ಕು ವರ್ಷದ ಹುಡುಗಿಯ ತಲೆಬುರುಡೆ ಮೇಲೆ ಸಿಕ್ಕಿದೆ, ನಿಜವಾದ ಕೋಟೆ ಜಾಗದಲ್ಲಿರೋ ಮ್ಯೂಸಿಯಂನಲ್ಲಿದೆ, ಚಿಕ್ಕವರನ್ನ ನಾನು ಆ ರೂಮಿಗೆ ಕರ್ಕೊಂಡು ಹೋಗಲಿಲ್ಲ. ಇಷ್ಟಾದ್ರೂ ಕಂಪನಿ ಯಾಕೆ ನಿಲ್ಲಿಸಲಿಲ್ಲ? ಹಾಕಿದ ದುಡ್ಡು ವಾಪಸ್ ಬಂದಿರಲಿಲ್ಲವಲ್ಲ. 1612ರಲ್ಲಿ ಲಾಟರಿ ಮಾಡಿ ದುಡ್ಡು ಎತ್ತಿದ್ರು, 1616ರಲ್ಲಿ ಲಾಭ ಹಂಚೋ ಟೈಮ್ ಬಂದಾಗ ಕೊಡೋಕೆ ಕಾಸಿಲ್ಲದೆ ಷೇರುದಾರರಿಗೆ ಜಮೀನು ಬರೆದುಕೊಟ್ರು.

ಆ ಜಮೀನು ಯಾರದ್ದು ಅಂತ ಅಲ್ಲೇ ನಿಂತು ಹೇಳ್ಬೇಕು ಅನ್ನೋದು ನನ್ನ ಹಠ. ಕೋಟೆ ಕಟ್ಟಿದ ಜಾಗ ಪಾಸ್ಪಹೆಗ್ ಜನರದ್ದು, ಸುತ್ತ ಮುತ್ತ ಸುಮಾರು ಮೂವತ್ತು ಬುಡಕಟ್ಟಿನ ಮೇಲೆ ಪವ್ಹಾಟನ್ ಅನ್ನೋ ದೊರೆಯ ಅಧಿಕಾರ ಇತ್ತು, 1610ರಲ್ಲಿ ಇಂಗ್ಲಿಷರು ಪಾಸ್ಪಹೆಗ್ ಊರನ್ನ ಸುಟ್ಟು ಹೆಂಗಸರು ಮಕ್ಕಳನ್ನೂ ಕೊಂದ್ರು. ಸೆಟ್ಲರ್ಸ್ ಯಾಕೆ ಬಂದ್ರು ಅನ್ನೋ ಪಾಠದಲ್ಲಿ ಇದು ಒಂದು ಸಾಲಾದ್ರೂ ಇಲ್ಲದಿದ್ರೆ ಅದು ಅರ್ಧ ಪಾಠ.

ಇನ್ನು ಹೊಗೆಸೊಪ್ಪು. ಈ ಭಾಗಕ್ಕೆ ನನಗೆ ಸಹಾಯ ಮಾಡಿದ್ದು ನಮ್ಮ ಮಾವ, ಪಿರಿಯಾಪಟ್ಟಣದ ಕಡೆಯವರು, ಆ ಟೈಮಲ್ಲಿ ನಮ್ಮ ಜೊತೆ ಇರೋಕೆ ಬಂದಿದ್ರು, ಜೀವನಪೂರ್ತಿ ಹೊಗೆಸೊಪ್ಪು ಬೆಳೆದೋರು. ಹುಣಸೂರು, ಪಿರಿಯಾಪಟ್ಟಣದಲ್ಲಿ ಬ್ಯಾರನ್‌ನಲ್ಲಿ (ಸೊಪ್ಪು ಬೇಯಿಸೋ ಮನೆ) ಬೇಯಿಸೋ ಸೊಪ್ಪಿಗೆ ವರ್ಜೀನಿಯಾ ತಂಬಾಕು ಅಂತಾನೇ ಹೆಸರು, ಆ ಹೆಸರಿನ ಊರಲ್ಲೇ ನಿಂತಿದ್ದೀವಿ ಅಂತ ಅವರಿಗೆ ಭಾರಿ ಖುಷಿ. 1612ರ ಹೊತ್ತಿಗೆ ಜೇಮ್ಸ್‌ಟೌನಲ್ಲಿದ್ದ ಜಾನ್ ರಾಲ್ಫ್ ಅನ್ನೋನು ಕೆರಿಬಿಯನ್ ಕಡೆಯ ಬೀಜ ತಂದು ಬೆಳೆದ, ಅಲ್ಲೀತನಕ ಇಲ್ಲಿದ್ದ ನಾಟಿ ಸೊಪ್ಪು ತುಂಬ ಖಾರ, ಲಂಡನ್ನವರು ಇಷ್ಟಪಡ್ತಿರಲಿಲ್ಲ. 1617ರಲ್ಲಿ ಸುಮಾರು 20,000 ಪೌಂಡ್ ತೂಕದ ಸೊಪ್ಪು ಇಂಗ್ಲೆಂಡಿಗೆ ಹೋಯ್ತು, ಆ ದಶಕ ಕಳೆದು ಇನ್ನೊಂದು ದಶಕ ಮುಗಿಯೋ ಹೊತ್ತಿಗೆ ಅದು ಲಕ್ಷಗಳ ಲೆಕ್ಕ. ನಾನು "ಮಾವ, ಈ ಬೆಳೆಗೆ ಆಳು ಎಷ್ಟು ಬೇಕಾಗುತ್ತೆ ಅಂತ ಮಕ್ಕಳಿಗೆ ಹೇಳಿ" ಅಂದೆ. ಅವರು ಮಡಿ ಮಾಡಿ ಸಸಿ ಬೆಳೆಸೋದು, ಕಿತ್ತು ನೆಡೋದು, ಕುಡಿ ಮುರಿಯೋದು, ಕಂಕುಳ ಚಿಗುರು ತೆಗೆಯೋದು, ಕೆಳಗಿಂದ ಎಲೆ ಮುರ್ಕೊಂಡು ಬರೋದು, ಕಟ್ಟೋದು, ಒಣಗಿಸೋದು, ಬಣ್ಣ ನೋಡಿ ಗ್ರೇಡ್ ಮಾಡೋದು ಎಲ್ಲ ಕೈಯಲ್ಲೇ ಮಾಡಿ ತೋರಿಸಿ, "ಸೊಪ್ಪು ಮುರಿಯೋ ಟೈಮಲ್ಲಿ ಮನೇಲಿ ಒಬ್ರೂ ಕೂರಂಗಿಲ್ಲ ಕಂದ, ಕೈಯೆಲ್ಲ ಅಂಟು, ತೊಳೆದ್ರೂ ಹೋಗಲ್ಲ, ಆಮೇಲೆ ಭೂಮಿನೂ ಸೊರಗುತ್ತೆ" ಅಂದ್ರು. (ಆಗಿನವರು ನಮ್ಮ ಹಂಗೆ ಬ್ಯಾರನ್‌ಗೆ ಬೆಂಕಿ ಹಾಕಿ ಬೇಯಿಸ್ತಿರಲಿಲ್ಲ, ಕೊಟ್ಟಿಗೇಲಿ ಗಾಳಿಗೆ ನೇತುಹಾಕಿ ಒಣಗಿಸ್ತಿದ್ರು.)

ಇಷ್ಟು ಕೇಳಿದ ಮೇಲೆ ಮುಂದಿನ ಇತಿಹಾಸ ನಾನು ಹೇಳೋದೇ ಬೇಕಾಗಿರಲಿಲ್ಲ, ಮಕ್ಕಳೇ ಹೇಳಿದ್ರು, ಜಾಸ್ತಿ ಜಮೀನು ಬೇಕು, ಜಾಸ್ತಿ ಆಳು ಬೇಕು. ಅದಕ್ಕೇ 1618ರಲ್ಲಿ ಹೊಸ ನಿಯಮ ಬಂತು, ಯಾರು ಒಬ್ಬನ ಹಡಗಿನ ಖರ್ಚು ಕೊಟ್ಟು ಕರೆತರ್ತಾರೋ ಅವರಿಗೆ ತಲೆಗೆ 50 ಎಕರೆ. ಆರು ಜನರನ್ನ ಕರೆತಂದ್ರೆ 300 ಎಕರೆ. ಬಂದವನು ನಾಲ್ಕರಿಂದ ಏಳು ವರ್ಷ ಆ ಖರ್ಚು ತೀರೋವರೆಗೂ ಜೀತದ ಥರ ದುಡೀಬೇಕು, ಆಮೇಲೆ ಬಿಡುಗಡೆ, ಬದುಕಿದ್ರೆ. ಆ ಶತಮಾನದಲ್ಲಿ ಈ ಕಡೆಗೆ ಬಂದ ಇಂಗ್ಲಿಷರಲ್ಲಿ ಹೆಚ್ಚಿನವರು ಹೀಗೆ ಒಪ್ಪಂದ ಬರೆದುಕೊಟ್ಟು ಬಂದವರೇ, ಅವರ ಆಸೆ ಚಿನ್ನದ್ದಲ್ಲ, ಇಂಗ್ಲೆಂಡಲ್ಲಿ ಏಳು ಜನ್ಮಕ್ಕೂ ಸಿಗದ ಒಂದು ತುಂಡು ಸ್ವಂತ ಭೂಮಿದು. 1619ರ ಆಗಸ್ಟಲ್ಲಿ ವರ್ಜೀನಿಯಾ ಕರಾವಳಿಯ ಪಾಯಿಂಟ್ ಕಂಫರ್ಟ್‌ಗೆ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನ ತಂದು ಇಳಿಸಿದ್ರು, ಅವರು ಯಾವ ಆಸೆಗೂ ಬಂದವರಲ್ಲ, ಹಿಡಿದು ತಂದವರು, ಮುಂದೆ 1662ರ ಕಾನೂನು ಗುಲಾಮ ತಾಯಿಗೆ ಹುಟ್ಟಿದ ಮಗುನೂ ಗುಲಾಮನೇ ಅಂತ ಮಾಡಿಬಿಡ್ತು. 1635ರ ಒಂದು ಜಮೀನಿನ ದಾಖಲೇಲಿ ಹಿಂಗೆ ತಲೆ ಲೆಕ್ಕಕ್ಕೆ ಬಂದವರ ಪೈಕಿ ಟೋನಿ ಅನ್ನೋ "ಈಸ್ಟ್ ಇಂಡಿಯನ್" ಹೆಸರೂ ಇದೆ. ಅವನು ಎಲ್ಲಿಯವನು, ಮನೇಲಿ ಯಾವ ಹೆಸರಿಂದ ಕರೀತಿದ್ರು ಅಂತ ಆ ದಾಖಲೆ ಹೇಳಲ್ಲ. ಮಾವ ಆ ಹೆಸರನ್ನ ಎರಡು ಮೂರು ಸಲ ಕೇಳಿ ಹೇಳಿಸ್ಕೊಂಡ್ರು. 1622ರಲ್ಲಿ ಮೂಲನಿವಾಸಿಗಳು ತಿರುಗಿಬಿದ್ದು 347 ಜನ ಸತ್ತರು, ಎರಡು ವರ್ಷಕ್ಕೆ ಕಂಪನಿ ಮುಚ್ಚಿ ರಾಜನೇ ಆಡಳಿತ ತಗೊಂಡ, ಹೊಗೆಸೊಪ್ಪು ಮಾತ್ರ ನಿಲ್ಲಲಿಲ್ಲ.

1620ರಲ್ಲಿ ಇನ್ನೊಂದು ಗುಂಪು ಬಂದ ಮೇಫ್ಲವರ್ ಹಡಗಿನ ಪಾಠಕ್ಕೆ ಬಂದಾಗ ಮಕ್ಕಳು "ಇವ್ರು ಮಾತ್ರ ಧರ್ಮಕ್ಕೆ ಬಂದ್ರು ಅಲ್ವಾ ಆಂಟಿ" ಅಂದ್ರು. ಹೌದು, ಆದ್ರೆ ಇಲ್ಲೂ ಅದೇ ಪ್ರಶ್ನೆ, ದುಡ್ಡು ಯಾರದ್ದು? ಇಂಗ್ಲೆಂಡ್ ಚರ್ಚ್ ಬಿಟ್ಟು ಹಾಲೆಂಡಿನ ಲೈಡನ್‌ಗೆ ಹೋಗಿ ನೆಲೆಸಿದವರಿಗೆ ಅಲ್ಲಿ ಪೂಜೆ ಪ್ರಾರ್ಥನೆಗೆ ಅಡ್ಡಿ ಇರಲಿಲ್ಲ, ಅದು ಮುಖ್ಯ. ಅಲ್ಲಿಂದ ಯಾಕೆ ಹೊರಟ್ರು ಅಂತ ಅವರ ಮುಖಂಡ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ, ದುಡಿದು ದುಡಿದು ಬೇಗ ಮುಪ್ಪು ಬರ್ತಿತ್ತು, ಮಕ್ಕಳ ಬೆನ್ನೂ ಬಾಗ್ತಿತ್ತು, ಕೆಲವು ಮಕ್ಕಳು ಕೈತಪ್ಪಿ ಹೋಗ್ತಿದ್ರು, ಹೊಸ ಜಾಗದಲ್ಲಿ ತಮ್ಮ ಧರ್ಮ ಹಬ್ಬಿಸೋ ಆಸೆನೂ ಇತ್ತು. ಈ ಭಾಗ ಓದುವಾಗ ಪೇರೆಂಟ್ಸೆಲ್ಲ ಒಬ್ಬರ ಮುಖ ಒಬ್ಬರು ನೋಡಿದ್ರು. ಪರದೇಶದಲ್ಲಿ ಮಕ್ಕಳು ನಮ್ಮ ಭಾಷೆ ನಮ್ಮ ರೀತಿ ಬಿಟ್ಟುಬಿಡ್ತಾರೇನೋ ಅನ್ನೋ ಭಯ ಶನಿವಾರ ಬೆಳಿಗ್ಗೆ ಮಕ್ಕಳನ್ನ ಕನ್ನಡ ಕ್ಲಾಸಿಗೆ ಕರ್ಕೊಂಡು ಬರೋ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1620ರಲ್ಲಿ ಹೊರಟ 102 ಪ್ರಯಾಣಿಕರಲ್ಲಿ ಸುಮಾರು ಅರ್ಧ ಜನ ಅವರ ಪಂಗಡದವರೇ ಅಲ್ಲ, ದುಡ್ಡು ಹಾಕಿದ್ದು ಥಾಮಸ್ ವೆಸ್ಟನ್ ಕೂಡಿಸಿದ ಲಂಡನ್ ವ್ಯಾಪಾರಿಗಳು, ಏಳು ವರ್ಷ ದುಡಿದು ಪಾಲು ಕೊಡ್ಬೇಕು ಅಂತ ಕರಾರು. ಮೊದಲ ಚಳಿಗಾಲದಲ್ಲೇ ಅರ್ಧ ಜನ ಸತ್ತರು, ಉಳಿದವರು ಬೀವರ್ ಅನ್ನೋ ಪ್ರಾಣಿಯ ಚರ್ಮ ಮಾರಿ ಆ ಸಾಲ ತೀರಿಸೋಕೆ 1640ರ ದಶಕದವರೆಗೂ ಒದ್ದಾಡಿದ್ರು.

1630ರಿಂದ ಮ್ಯಾಸಚೂಸೆಟ್ಸ್‌ಗೆ ಬಂದ ಪ್ಯೂರಿಟನ್ನರದ್ದು (ಇಂಗ್ಲೆಂಡ್ ಚರ್ಚನ್ನ ಶುದ್ಧ ಮಾಡ್ಬೇಕು ಅಂತಿದ್ದವರು) ಬೇರೆ ಕಥೆ, ಅವರು ಸಂಸಾರ ಸಮೇತ ಬಂದ್ರು, ಹತ್ತು ವರ್ಷದಲ್ಲಿ ಸುಮಾರು 20,000 ಜನ, ಕಂಪನಿಯ ಚಾರ್ಟರನ್ನೂ ಜೊತೇಲೇ ತಂದ್ರು, ಲಂಡನ್ನಲ್ಲಿ ಕೂತು ಹುಕುಂ ಮಾಡೋರೇ ಇಲ್ಲದಂಗೆ. ಇವರು ಧಾರ್ಮಿಕ ಸ್ವಾತಂತ್ರ್ಯಕ್ಕೆ ಬಂದ್ರು ಅಂತ ಬರೆಯೋ ಮಕ್ಕಳಿಗೆ ನಾನು "ಯಾರ ಸ್ವಾತಂತ್ರ್ಯ?" ಅಂತ ಪಕ್ಕದಲ್ಲಿ ಬರೀತೀನಿ, ಬೇರೆ ಮಾತಾಡಿದ ಪಾದ್ರಿ ರೋಜರ್ ವಿಲಿಯಮ್ಸ್‌ನ ಓಡಿಸಿದ್ರು, ಕ್ವೇಕರ್ ಅನ್ನೋ ಬೇರೆ ಕ್ರೈಸ್ತ ಪಂಗಡದ ಮೇರಿ ಡೈಯರ್‌ನ 1660ರಲ್ಲಿ ಬಾಸ್ಟನ್ನಲ್ಲಿ ಗಲ್ಲಿಗೆ ಹಾಕಿದ್ರು.

ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ ಎರಡನ್ನೂ ಒಂದೇ ಕ್ಲಾಸಲ್ಲಿ ಮುಗಿಸ್ತೀನಿ, ಅಷ್ಟೊತ್ತಿಗೆ ಮಕ್ಕಳೇ ಪ್ರಶ್ನೆ ಹಾಕೋಕೆ ಶುರು ಮಾಡಿರ್ತಾರೆ. ಪೆನ್ಸಿಲ್ವೇನಿಯಾ ಅಂತೂ ರಾಜ ಎರಡನೇ ಚಾರ್ಲ್ಸ್ ಅದನ್ನ ಕಟ್ಟಿದ ವಿಲಿಯಂ ಪೆನ್‌ನ ಅಪ್ಪನಿಗೆ ಕೊಡಬೇಕಿದ್ದ ಸಾಲಕ್ಕೆ ಬದಲಾಗಿ 1681ರಲ್ಲಿ ಕೊಟ್ಟ ಭೂಮಿ ಅಂತ ಹೇಳಿದ ತಕ್ಷಣ ಹಿಂದಿನ ಬೆಂಚಿಂದ "ಅದು ರಾಜಂದಾ ಆಂಟಿ, ಕೊಡೋಕೆ?" ಅಂತ ಬಂತು, ಅವತ್ತಿನ ಉಳಿದ ಟೈಮ್ ಪೂರ್ತಿ ಅದೇ ಚರ್ಚೆ ಆಯ್ತು. ನೀವು ಎಲ್ಲಾದ್ರೂ ಮಕ್ಕಳಿಗೆ ಇದನ್ನ ಹೇಳ್ಕೊಡೋದಿದ್ರೆ ಕಾರ್ಡ್ ಮಾಡಿ, 50 ಎಕರೆ ಲೆಕ್ಕ ಬೋರ್ಡ್ ಮೇಲೆ ಮಾಡಿಸಿ, ಮನೇಲಿ ಬೇಸಾಯ ಮಾಡಿದ ಹಿರಿಯರು ಬಂದಿದ್ರೆ ಅವರನ್ನ ಕ್ಲಾಸಿಗೆ ಕೂರಿಸ್ಕೊಳ್ಳಿ, ಚಿಕ್ಕ ಮಕ್ಕಳಿಗೆ ಹಸಿವಿನ ಚಳಿಗಾಲದ ವಿವರ ಕಮ್ಮಿ ಮಾಡಿ, ಆದ್ರೆ ಪಾಸ್ಪಹೆಗ್ ಜನರ ವಿಷಯ ಮಾತ್ರ ಬಿಡಬೇಡಿ.