ಅಂಗಡಿಯ ಟ್ಯಾಲಿ ಲೆಕ್ಕಕ್ಕೆ ಕಳ್ಳರು ಬೀಗ ಹಾಕಿದರೂ ವ್ಯಾಪಾರ ನಿಲ್ಲದಂತೆ ಬ್ಯಾಕಪ್ ಇಡುವುದು ಹೇಗೆ?

ಒಂದು ಸೋಮವಾರ ಬೆಳಿಗ್ಗೆ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯೊಂದರಿಂದ ಫೋನ್ ಬಂತು. "ಸಾರ್, ಟ್ಯಾಲಿ ಓಪನ್ ಆಗ್ತಿಲ್ಲ. ಫೈಲ್ ಹೆಸರೆಲ್ಲ ಏನೇನೋ ಆಗಿಬಿಟ್ಟಿದೆ." ಹೋಗಿ ನೋಡಿದೆ. ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಅಂತ ಒಂದು ಹೊಸ ಫೈಲ್. ತೆರೆದರೆ ಬೆದರಿಕೆ ಪತ್ರ. ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ತೆಗೆಯಬೇಕಾದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ 490 ಸಾಕು.

"ಬ್ಯಾಕಪ್ ಇದೆಯಾ?" ಎಂದೆ. "ದಿನಾ ತಗೋತೀವಿ ಸಾರ್" ಎಂದು ಲೆಕ್ಕ ಬರೆಯುವ ಹುಡುಗ ಸಿಪಿಯು ಹಿಂಬದಿ ತೋರಿಸಿದ. ಪೆನ್‌ಡ್ರೈವ್ ಅಲ್ಲೇ ಸಿಕ್ಕಿಸಿತ್ತು. ಅದರ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಹಬ್ಬ ಕಳೆದು ತಿಂಗಳುಗಳಾಗಿದ್ದರೂ ಯಾರೂ ಅದನ್ನು ಹೊರಗೆ ತೆಗೆದಿರಲಿಲ್ಲ. ಕಂಪ್ಯೂಟರಿನ ಜೊತೆಗೇ ಅದರಲ್ಲಿದ್ದ ಬ್ಯಾಕಪ್‌ಗೂ ಬೀಗ ಬಿದ್ದಿತ್ತು.

ಅಂಗಡಿಗಳ ಟ್ಯಾಲಿ, ಜಿಎಸ್‌ಟಿ ಕೆಲಸ ನೋಡಿಕೊಳ್ಳುವ ನಾನು ಇದೇ ತಪ್ಪನ್ನು ಆಮೇಲೂ ಮೂರು ಕಡೆ ಕಂಡೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ‘ವೈರಸ್ ಬಂತು’ ಅಂದರೆ ನೋಟಿಸಿಗೆ ಉತ್ತರ ಆಗುವುದಿಲ್ಲ.

ಮೊದಲು ಕಂಪ್ಯೂಟರ್

ಕ್ರ್ಯಾಕ್ ಸಾಫ್ಟ್‌ವೇರ್ (ದುಡ್ಡು ಕೊಡದೆ ಬಳಸಲು ಲೈಸೆನ್ಸ್ ಮುರಿದದ್ದು) ಇದ್ದರೆ ಇವತ್ತೇ ತೆಗೆಸಿ. ಆ ಅಂಗಡಿಗೆ ಬಂದದ್ದು ‘ಸ್ಟಾಪ್’ ಎಂಬ ಜಾತಿಯ ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಅದು ಹೆಚ್ಚಾಗಿ ಹರಡುವುದೇ ಪುಕ್ಕಟೆ ಕ್ರ್ಯಾಕ್‌ಗಳ ಜೊತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ, ಆದ್ದರಿಂದ 11ಕ್ಕೆ ಹೋಗಿ. ಲೈಸೆನ್ಸ್ ಮುಗಿದು ಮೂಲೆಯಲ್ಲಿ ಕೆಂಪು ಗುರುತು ತೋರಿಸುತ್ತಾ ಕೂತ ಆಂಟಿವೈರಸ್‌ಗಿಂತ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಷ್ಟೋ ಮೇಲು. ದಿನದ ಬಿಲ್ಲಿಂಗ್‌ಗೆ ಅಡ್ಮಿನ್ ಅಲ್ಲದ (ಹೊಸ ಸಾಫ್ಟ್‌ವೇರ್ ಹಾಕುವ ಅಧಿಕಾರ ಇಲ್ಲದ) ಬೇರೆ ಯೂಸರ್ ಮಾಡಿಕೊಡಿ.

ಎರಡು ಪೆನ್‌ಡ್ರೈವ್ ಕೊಳ್ಳಿ

ಒಂದಲ್ಲ, ಎರಡು. 64 ಜಿಬಿ ಧಾರಾಳ ಸಾಕು. ನಾಲ್ಕೈದು ನೂರು ರೂಪಾಯಿಗೆ ‘2 ಟಿಬಿ ಪೆನ್‌ಡ್ರೈವ್’ ಅಂತ ಆನ್‌ಲೈನಲ್ಲಿ ಮಾರುವುದನ್ನು ಮಾತ್ರ ಮುಟ್ಟಬೇಡಿ. ಪರದೆ ಮೇಲೆ 2 ಟಿಬಿ ಅಂತ ತೋರಿಸುತ್ತೆ, ಒಳಗಿರುವುದು ಕೆಲವೇ ಜಿಬಿ. ತುಂಬಿದ ಮೇಲೂ ಕಾಪಿ ಆದಂತೆ ಕಾಣುತ್ತೆ, ತೆರೆಯಲು ಹೋದರೆ ಫೈಲ್ ಕೆಟ್ಟಿರುತ್ತೆ. ಒಳ್ಳೆ ಕಂಪನಿಯದನ್ನು ಬಿಲ್ ಸಮೇತ ತಗೊಳ್ಳಿ. ಒಂದರ ಮೇಲೆ ಮಾರ್ಕರಿನಲ್ಲಿ ‘ಸೋಮ’, ಇನ್ನೊಂದರ ಮೇಲೆ ‘ಗುರು’ ಅಂತ ಬರೆಯಿರಿ. ಸೋಮವಾರದ ಬ್ಯಾಕಪ್ ಒಂದಕ್ಕೆ, ಗುರುವಾರದ್ದು ಇನ್ನೊಂದಕ್ಕೆ.

ಬ್ಯಾಕಪ್ ತೆಗೆದು, ಪೆನ್‌ಡ್ರೈವನ್ನೂ ತೆಗೆಯಿರಿ

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀ ಒಟ್ಟಿಗೆ ಒತ್ತಿದರೆ ಡೇಟಾ ಮೆನು ಬರುತ್ತೆ. ಅದರಲ್ಲಿ ಬ್ಯಾಕಪ್ ಆರಿಸಿ. ಎಲ್ಲಿಗೆ ಹೋಗಬೇಕು ಎಂದು ಕೇಳುವಲ್ಲಿ ಪೆನ್‌ಡ್ರೈವ್ ಒಳಗೆ ಆ ದಿನದ ತಾರೀಖಿನ ಹೊಸ ಫೋಲ್ಡರ್ ತೋರಿಸಿ. ದಿನಾ ಒಂದೇ ಫೋಲ್ಡರಿಗೆ ಹಾಕುತ್ತಾ ಹೋದರೆ ಹಳೆಯದರ ಮೇಲೆ ಹೊಸದು ಕೂರುತ್ತೆ. ಹೊಸದೇ ಕೆಟ್ಟಿದ್ದರೆ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ.

ಮುಗಿದ ಕೂಡಲೇ ‘ಇಜೆಕ್ಟ್’ ಕೊಟ್ಟು ಪೆನ್‌ಡ್ರೈವ್ ಕಿತ್ತು ಕೈಗೆ ತಗೊಳ್ಳಿ. ಅದು ಗಲ್ಲಾಪೆಟ್ಟಿಗೆಗೆ ಹೋಗುವುದು ಬೇಡ, ಮಾಲೀಕರ ಮನೆಗೆ ಹೋಗಲಿ. ‘ಗುರು’ ಅಂಗಡಿಗೆ ಬಂದ ದಿನ ‘ಸೋಮ’ ಮನೆಯಲ್ಲೇ ಇರಬೇಕು. ಎರಡೂ ಒಟ್ಟಿಗೆ ಒಂದೇ ಕಂಪ್ಯೂಟರಿಗೆ ಎಂದೂ ಸೇರಬಾರದು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ದಿನಾ ಬಿಲ್ ಜಾಸ್ತಿ ಆಗುವ ಅಂಗಡಿಯಾದರೆ ವಾರಕ್ಕೆ ಎರಡು ಸಲ ಸಾಲದು, ದಿನಾ ಸಂಜೆ ಬ್ಯಾಕಪ್ ಬೇಕು.

‘ಗೂಗಲ್ ಡ್ರೈವ್‌ಗೆ ತಾನಾಗೇ ಹೋಗುತ್ತಲ್ವಾ?’ ಅಂತ ಕೇಳುವವರು ಬಹಳ. ಹೋಗುತ್ತೆ. ಬೀಗ ಬಿದ್ದ ಫೈಲ್ ಕೂಡ ಹಾಗೇ ತಾನಾಗಿ ಹೋಗಿ ಅಲ್ಲಿದ್ದ ಒಳ್ಳೆಯದರ ಜಾಗದಲ್ಲಿ ಕೂರುತ್ತೆ. ಇಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ.

ವಾಪಸ್ ಬರುತ್ತಾ ನೋಡಿ

ಎಲ್ಲರೂ ಬಿಡುವ ಕೆಲಸ ಇದು. ಒಂದು ಬಟ್ಟೆ ಅಂಗಡಿಯಲ್ಲಿ ಬ್ಯಾಕಪ್ ಒಂದು ದಿನವೂ ತಪ್ಪಿರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ವರ್ಷಕ್ಕೆ ಟ್ಯಾಲಿಯಲ್ಲಿ ಹೊಸ ‘ಕಂಪನಿ’, ಅಂದರೆ ಹೊಸ ಲೆಕ್ಕದ ಪುಸ್ತಕ, ತೆರೆದಿದ್ದರು. ಹುಡುಗ ಮಾತ್ರ ಹಳೇ ಕಂಪನಿಯನ್ನೇ ಆರಿಸಿ ಬ್ಯಾಕಪ್ ತೆಗೆಯುತ್ತಿದ್ದ. ಡಿಸ್ಕ್ ಕೈಕೊಟ್ಟಾಗ ಮಾರ್ಚ್ 31ರ ನಂತರದ ಒಂದು ಬಿಲ್ಲೂ ಸಿಗಲಿಲ್ಲ.

ಆದ್ದರಿಂದ ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್‌ನಿಂದ ಲೆಕ್ಕ ವಾಪಸ್ ತಂದು, ನೋಡಬೇಕು. ಟ್ಯಾಲಿ ಇರುವ ಬೇರೆ ಕಂಪ್ಯೂಟರ್ ಸಿಕ್ಕರೆ ಒಳ್ಳೆಯದು, ನಿಮ್ಮ ಅಕೌಂಟೆಂಟ್ ಆಫೀಸಿನದಾದರೂ ಸರಿ. ಅಂಗಡಿ ಕಂಪ್ಯೂಟರಿನಲ್ಲೇ ಮಾಡುವುದಾದರೆ ತುಂಬಾ ಹುಷಾರು. ಮಾಮೂಲಿ ಡೇಟಾ ಫೋಲ್ಡರಿಗೆ ರಿಸ್ಟೋರ್ ಮಾಡಿದರೆ ಇವತ್ತಿನ ಲೆಕ್ಕದ ಮೇಲೆ ಹಳೇ ಲೆಕ್ಕ ಬಂದು ಕೂರುತ್ತೆ. ಬ್ಯಾಕಪ್ ಸರಿ ಇದೆಯಾ ಅಂತ ನೋಡಲು ಹೋಗಿ ಮೂರು ವಾರದ ಬಿಲ್ ಕಳೆದುಕೊಂಡವರನ್ನೂ ಕಂಡಿದ್ದೇನೆ. ಡಿ ಡ್ರೈವ್‌ನಲ್ಲಿ ‘ಪರೀಕ್ಷೆ’ ಅಂತ ಖಾಲಿ ಫೋಲ್ಡರ್ ಮಾಡಿ, ಅಲ್ಲಿಗೇ ರಿಸ್ಟೋರ್ ಮಾಡಿ. ಕಂಪನಿ ತೆರೆಯುವಾಗಲೂ ಅದೇ ಫೋಲ್ಡರ್ ತೋರಿಸಿ.

ತೆರೆದ ಮೇಲೆ ಮೂರೇ ವಿಷಯ ನೋಡಿ: ಕೊನೆಯ ಬಿಲ್ಲಿನ ನಂಬರ್ ಮತ್ತು ತಾರೀಖು, ಆ ದಿನದ ನಗದು ಬಾಕಿ, ಸಾಲದ ಗಿರಾಕಿ ಒಬ್ಬರ ಲೆಡ್ಜರ್. ಮೂರೂ ಪುಸ್ತಕಕ್ಕೆ ತಾಳೆಯಾದರೆ ಆ ಬ್ಯಾಕಪ್ ಸರಿ ಇದೆ. ಆಮೇಲೆ ‘ಪರೀಕ್ಷೆ’ ಫೋಲ್ಡರ್ ಅಳಿಸಿಬಿಡಿ, ಇಲ್ಲದಿದ್ದರೆ ನಾಳೆ ಹುಡುಗ ಅದರಲ್ಲೇ ಬಿಲ್ ಹಾಕುತ್ತಾನೆ.

ಬೀಗ ಬಿದ್ದೇಬಿಟ್ಟರೆ

ಮೊದಲು ಇಂಟರ್‌ನೆಟ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಪಕ್ಕದ ಕಂಪ್ಯೂಟರಿಗೂ ಹರಡಬಹುದು. ಗಾಬರಿಯಲ್ಲಿ ಒಳ್ಳೆ ಪೆನ್‌ಡ್ರೈವ್ ತಂದು ಸಿಕ್ಕಿಸಬೇಡಿ. ಬೆದರಿಕೆ ಪತ್ರದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ಕೊಡಿ. ಖಾತೆಯಿಂದ ದುಡ್ಡೂ ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ಮುಂದಿನ ಖಾತೆಗೆ ದಾಟದಂತೆ ತಡೆಯುವ ಅವಕಾಶ ಜಾಸ್ತಿ.

ಕಳ್ಳರಿಗೆ ದುಡ್ಡು ಕಳಿಸಬೇಡಿ, ಕೊಟ್ಟ ಮೇಲೂ ಕೀಲಿ ಸಿಗುತ್ತೆ ಅನ್ನುವ ಖಾತ್ರಿ ಇಲ್ಲ. ‘ನಾವು ಬಿಡಿಸಿಕೊಡ್ತೀವಿ’ ಎನ್ನುವ ಯೂಟ್ಯೂಬ್ ನಂಬರುಗಳಿಗೂ ಫೋನ್ ಮಾಡಬೇಡಿ. ಯೂರೋಪೋಲ್ (ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ) ಮತ್ತು ನೆದರ್ಲೆಂಡ್ಸ್ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ ‘ನೋ ಮೋರ್ ರಾನ್ಸಮ್’ ವೆಬ್‌ಸೈಟಿನಲ್ಲಿ ಕೆಲವು ಬಗೆಯ ಬೀಗಗಳಿಗೆ ಪುಕ್ಕಟೆ ಕೀಲಿ ಸಿಗುತ್ತೆ. ಇವತ್ತು ಇಲ್ಲದ್ದು ಮುಂದೆ ಬರಬಹುದು. ಹಾಗಾಗಿ ಬೀಗ ಬಿದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಬೇಡಿ, ಬಿಚ್ಚಿಸಿ ತೆಗೆದಿಡಿ. ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿಸಿ, ಟ್ಯಾಲಿ ಹಾಕಿಸಿ. ಮನೆಯಲ್ಲಿದ್ದ ಪೆನ್‌ಡ್ರೈವಿನ ಬ್ಯಾಕಪ್ಪನ್ನು ಬೇರೊಂದು ಒಳ್ಳೆ ಕಂಪ್ಯೂಟರಿನಲ್ಲಿ ಮೊದಲು ಕಾಪಿ ಮಾಡಿಟ್ಟುಕೊಂಡು, ಆಮೇಲಷ್ಟೇ ಅದನ್ನು ಅಂಗಡಿಗೆ ತನ್ನಿ.