ಬ್ಯಾಂಡ್ ಸಾ ಪಳಗಬೇಕೆ? ಒಂದು ಸಟ್ಟುಗ ಮಾಡಿ

ಬ್ಯಾಂಡ್ ಸಾ, ಅಂದರೆ ಚಕ್ರಗಳ ಮೇಲೆ ಸುತ್ತುವ ಪಟ್ಟಿಯಂಥ ಬ್ಲೇಡಿನಿಂದ ಮರ ಕೊಯ್ಯುವ ಮೆಷಿನ್, ತಂದ ಹೊಸದರಲ್ಲಿ ಬ್ಲೇಡ್ ಮುರಿದುಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಮಾಡುವ ತಪ್ಪು ಒಂದೇ: ತಿರುವು ಬಂದಾಗ ಹಲಗೆಯನ್ನು ಬಲವಂತವಾಗಿ ತಿರುಗಿಸುತ್ತಾರೆ. ಆ ಚಾಳಿ ಬಿಡಿಸಲು ಪಲ್ಯ ಕೈಯಾಡಿಸುವ ಮರದ ಸಟ್ಟುಗವೇ ಒಳ್ಳೆ ಪಾಠ. ಅದರಲ್ಲಿ ನೇರ ಗೆರೆಯೂ ಇದೆ, ಬಾಗೂ ಇದೆ.

1. ಗಂಟಿಲ್ಲದ ಹಲಸು ಅಥವಾ ತೇಗದ ಹಲಗೆ ತೆಗೆದುಕೊಳ್ಳಿ. ಒಂದಡಿ ಉದ್ದ, 3 ಇಂಚು ಅಗಲ, 18ರಿಂದ 20 ಮಿ.ಮೀ. ದಪ್ಪ ಸಾಕು. ಮರದ ಎಳೆ ಉದ್ದಕ್ಕೇ ಹೋಗಿರಬೇಕು, ಇಲ್ಲದಿದ್ದರೆ ಹಿಡಿ ಮುರಿಯುತ್ತದೆ. ಪ್ಲೈವುಡ್ ಬೇಡವೇ ಬೇಡ, ಅದರ ಅಂಟು ಬಾಣಲೆಗೆ ಹೋಗಬಾರದು.

2. ಕಾಲಿಂಚು ಅಗಲದ, ಇಂಚಿಗೆ 6 ಹಲ್ಲಿನ ಬ್ಲೇಡ್ ಹಾಕಿ. ಮೆಷಿನ್ ಜೊತೆ ಬರುವುದು ಸಾಮಾನ್ಯವಾಗಿ ಕಳಪೆ, ಪಕ್ಕಕ್ಕಿಡಿ. ಕಾಲಿಂಚಿನ ಬ್ಲೇಡಿಗೆ ಸುಮಾರು ಒಂದೂಕಾಲು ಇಂಚು ವ್ಯಾಸದ ತಿರುವು ದಕ್ಕುತ್ತದೆ. ಅರ್ಧ ಇಂಚಿನದಕ್ಕೆ ಐದು ಇಂಚು ಬೇಕು.

3. ಪ್ಲಗ್ ಕಿತ್ತು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಬ್ಲೇಡ್ ಸರಿಯಾಗಿ ಕೂತಿದೆಯೇ ನೋಡಿ. ಹಲ್ಲು ಕೆಳಮುಖವಾಗಿ, ನಿಮ್ಮ ಕಡೆಗಿರಬೇಕು. ಬ್ಲೇಡ್ ಅತ್ತಿತ್ತ ಸರಿಯದಂತೆ ತಡೆಯುವ ಬದಿಯ ಗೈಡಿಗೂ ಬ್ಲೇಡಿಗೂ ಕಾಗದ ನುಸುಳುವಷ್ಟು ಸಂದು ಬಿಡಿ. ಮೇಲಿನ ಗೈಡನ್ನು ಹಲಗೆಯಿಂದ 6 ಮಿ.ಮೀ. ಎತ್ತರಕ್ಕೆ ಇಳಿಸಿ. ಅನೇಕರು ಅದನ್ನು ಸುಮ್ನೆ ಮೇಲೇ ಬಿಡುತ್ತಾರೆ. ಆಗ ಬ್ಲೇಡೂ ಅಲುಗುತ್ತದೆ, ಬೆರಳಿಗೂ ಅಪಾಯ ಜಾಸ್ತಿ.

4. ಸಟ್ಟುಗದ ಆಕಾರ ಬರೆದುಕೊಳ್ಳಿ.

5. ಈಗ ಕೊಯ್ಯುವ ಕೆಲಸ, ಇಲ್ಲಿ ಅವಸರ ಬೇಡ. ಕನ್ನಡಕ, ಮಾಸ್ಕ್ ಹಾಕಿ. ಕೈಗವಸು ಮಾತ್ರ ಹಾಕಲೇಬೇಡಿ, ಬ್ಲೇಡ್ ಅದನ್ನು ಎಳೆದುಕೊಳ್ಳುತ್ತದೆ.

ಮೊದಲು ಬಿಡುಗಡೆಯ ಕೊಯ್ತ. ಬಾಗು ಇರುವಲ್ಲೆಲ್ಲ, ಹಲಗೆಯ ಅಂಚಿನಿಂದ ಗೆರೆಯವರೆಗೆ ಅರ್ಧರ್ಧ ಇಂಚಿಗೆ ಒಂದರಂತೆ ನೇರವಾಗಿ ಸೀಳಿ. ಗೆರೆಗೆ ಒಂದು ಮಿ.ಮೀ. ಇರುವಾಗಲೇ ನಿಲ್ಲಿಸಿ. ಮೆಷಿನ್ ಆರಿಸಿ, ಬ್ಲೇಡ್ ನಿಂತ ಮೇಲೆ ಹಲಗೆಯನ್ನು ಹಿಂದಕ್ಕೆ ತನ್ನಿ. ಓಡುತ್ತಿರುವಾಗಲೇ ಎಳೆದರೆ ಬ್ಲೇಡ್ ಚಕ್ರದಿಂದ ಕಳಚಿಬಿಡಬಹುದು.

ಆಮೇಲೆ ಗೆರೆಯ ಹೊರಮೈಗೆ ಒತ್ತಿಕೊಂಡು ಕೊಯ್ಯಿರಿ. ಬ್ಲೇಡನ್ನಲ್ಲ, ಅದರ ಮುಂದಿನ ಗೆರೆಯನ್ನು ನೋಡಿ. ಹಲಗೆ ತಿರುಗುವಾಗಲೂ ಮುಂದೆ ಸಾಗುತ್ತಲೇ ಇರಬೇಕು. ನಿಂತಲ್ಲೇ ತಿರುಗಿಸಿದರೆ ಬ್ಲೇಡ್ ತಿರುಚಿಕೊಳ್ಳುತ್ತದೆ. ಬಾಗು ಮುಂದುವರಿದಂತೆ ಬೇಡದ ಮರ ತುಂಡು ತುಂಡಾಗಿ ಉದುರಿ, ಬ್ಲೇಡಿಗೆ ಹೊರಳಲು ಜಾಗ ಸಿಗುತ್ತದೆ. ಕಿರ್ರೆಂದರೆ, ಹೊಗೆ ಬಂದರೆ ತಿರುವು ಜಾಸ್ತಿಯಾಯಿತು ಎಂದರ್ಥ. ಬಲ ಹಾಕಬೇಡಿ. ಬೇಡದ ಮರದ ಕಡೆಗೆ ಬ್ಲೇಡನ್ನು ಹೊರಕ್ಕೆ ಬಿಟ್ಟು, ಬೇರೆ ಕಡೆಯಿಂದ ಬನ್ನಿ.

ಹಿಡಿ ಅಗಲವಾಗುವ ಕುತ್ತಿಗೆಯಲ್ಲಿ ಎಲ್ಲರೂ ಎಡವುತ್ತಾರೆ. ಹಿಡಿಯ ತುದಿಯಿಂದ ನೇರ ಬಂದು ಬಾಗಿನ ಬಳಿ ನಿಲ್ಲಿಸಿ. ಉಳಿದದ್ದನ್ನು ಎದುರು ಕಡೆಯಿಂದ ಕೊಯ್ದು ಅಲ್ಲಿಗೆ ಸೇರಿಸಿ. ಬೆರಳು ಯಾವತ್ತೂ ಬ್ಲೇಡಿನ ಎದುರು ಬರಬಾರದು. ಉದುರಿದ ಚೂರನ್ನು ಕಡ್ಡಿಯಿಂದ ತಳ್ಳಿ.

6. 80, 120, 220 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ ಉಜ್ಜಿ. ನೀರು ಸವರಿ ಒಣಗಿಸಿದರೆ ಎಳೆ ಏಳುತ್ತದೆ, ಇನ್ನೊಮ್ಮೆ 220 ಹಾಕಿ. ವಾರ್ನಿಷ್ ಬೇಡ, ಅಡುಗೆಗೆ ಬಳಸುವ ಅಗಸೆ ಎಣ್ಣೆ ಹಚ್ಚಿ.

ದಿನದ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸಿ. ಸಡಿಲಿಸಿದೆ ಎಂದು ಚೀಟಿ ಬರೆದು ಸ್ವಿಚ್ಚಿನ ಮೇಲೇ ಅಂಟಿಸಿಬಿಡಿ.