ಗಾಯ ಒತ್ತಿ ಹಿಡಿದಾಗ ಮಧ್ಯೆ ಎತ್ತಿ ನೋಡಬೇಡಿ
ಕೊಯ್ದುಕೊಂಡ ಜಾಗದಿಂದ ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಇಟ್ಟು 10 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಮಧ್ಯೆ ಎತ್ತಿ ನೋಡಲೇಬೇಡಿ. ಗಡಿಯಾರ ನೋಡಿಕೊಂಡೇ ಹಿಡಿಯಿರಿ, ಗಾಬರಿಯಲ್ಲಿ ಎರಡು ನಿಮಿಷವೂ ಹತ್ತರಂತೆ ಅನಿಸುತ್ತದೆ ಅಲ್ವಾ? ರಕ್ತನಾಳ ತುಂಡಾದ ಕೂಡಲೇ ರಕ್ತದಲ್ಲಿರುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಬಂದು ಅಲ್ಲಿ ಅಂಟಿಕೊಳ್ಳುತ್ತವೆ. ಆದರೆ ಆ ಮುಚ್ಚಳ ಇನ್ನೂ ಸಡಿಲ. ಫೈಬ್ರಿನ್ ಎಂಬ ಸಣ್ಣ ಎಳೆಗಳು ಅದರ ಸುತ್ತ ಬಲೆಯಂತೆ ಹೆಣೆದುಕೊಂಡ ಮೇಲೇ ಅದು ಬಿಗಿಯಾಗುವುದು, ಅದಕ್ಕೆ ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಎತ್ತಿದರೆ ಹೆಪ್ಪು ಬಟ್ಟೆಗೇ ಅಂಟಿ ಕಿತ್ತು ಬರುತ್ತದೆ, ಮತ್ತೆ ಮೊದಲಿಂದ ಶುರು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ಆಸ್ಪಿರಿನ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲಲು ಜಾಸ್ತಿ ಹೊತ್ತು ಬೇಕಾಗಬಹುದು. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರಿಗೆ ಬರೀ ಒತ್ತಿದರೆ ಸಾಲದೇ ಹೋಗಬಹುದು. ರಕ್ತ ಚಿಮ್ಮುತ್ತಿದ್ದರೆ ಕಾಯಬೇಡಿ, ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. 10 ನಿಮಿಷ ಬಿಡದೆ ಒತ್ತಿದರೂ ನಿಲ್ಲದಿದ್ದರೆ ಆಗಲೂ ಅಷ್ಟೇ. ಗಾಯದಲ್ಲಿ ಗಾಜೋ ಕಬ್ಬಿಣವೋ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅದನ್ನು ಬಿಟ್ಟು ಎರಡೂ ಪಕ್ಕ ಒತ್ತಿ.